ಆವೃತ್ತಿಸಂಖ್ಯೆಗಳ ಕ್ರಮನಿರ್ಣಯ: ಒಂದು ಟಿಪ್ಪಣಿ

ಹೊರನಾಡುಗಳಲ್ಲಿದ್ದು ಕನ್ನಡ ಶಾಸನಗಳ ಪಾಠವನ್ನು ಗಣಕಕ್ಕೆ ಅಳವಡಿಸುತ್ತಿರುವ ಸಂಶೋಧಕರು ತಂತ್ರಾಂಶಗಳ ಆವೃತ್ತಿಸಂಖ್ಯೆಯನ್ನು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ನಾವೂ ಲಕ್ಷಿಸಿರಲಿಲ್ಲ. ತಾಂಬರಂನಲ್ಲಿ ನಾವು ಸಿದ್ಧಪಡಿಸುತ್ತಿದ್ದ ಶಾಸನಪಾಠಗಳ ಸಂಗ್ರಹದಲ್ಲಿ, ಗಣಕದ ತಂತ್ರಾಂಶವನ್ನು ನವೀಕರಿಸಿದ ಮರುದಿನವೇ, ಶಾಸನಾರಂಭದ ಸಿದ್ಧಂ ಚಿಹ್ನೆ ಎಲ್ಲ ಪಾಠಗಳಿಂದಲೂ ಕಾಣೆಯಾಯಿತು. ಲಿಪಿಕಾರನು ಕಲ್ಲಿನ ಮೇಲೆ ಮೊದಲು ಕಂಡರಿಸಿದ ಗುರುತೇ ನಮ್ಮ ಪಾಠದಲ್ಲಿ ಇಲ್ಲವಾಗಿತ್ತು.

ಯೂನಿಕೋಡ್ ಸಂಕೇತಪಟ್ಟಿಗೆ ಕನ್ನಡದ ಚಿಹ್ನೆಗಳು ಒಮ್ಮೆಗೇ ಸೇರಿದವಲ್ಲ. ಅವಗ್ರಹ ಸೇರಿದುದು 4.0ನೆಯ ಆವೃತ್ತಿಯಲ್ಲಿ (2003), ಚಂದ್ರಬಿಂದು 7.0ರಲ್ಲಿ (2014), ಅದರ ಬಿಡಿರೂಪ 9.0ರಲ್ಲಿ (2016), ಸಿದ್ಧಂ 11.0ರಲ್ಲಿ (2018), ನಕಾರಪೊಲ್ಲು 14.0ರಲ್ಲಿ (2021). ಗಣಕದಲ್ಲಿರುವ ಪಟ್ಟಿ 9.0ಕ್ಕಿಂತ ಹಳೆಯದಾದರೆ ಹಳೆಯ ಚಿಹ್ನೆಗಳನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ನಾವೇ ನಿಯಮವೊಂದನ್ನು ಬರೆದಿದ್ದೆವು. ನವೀಕರಣದಿಂದ ಬಂದುದು 14.0. ಯಂತ್ರ ಅದನ್ನು 9.0ಕ್ಕಿಂತ ಹಳೆಯದೆಂದು ನಿರ್ಣಯಿಸಿತು.

ಕಾರಣ ಸರಳವಾದುದು. ಯಂತ್ರದ ಪಾಲಿಗೆ ಆವೃತ್ತಿಸಂಖ್ಯೆ ಸಂಖ್ಯೆಯಲ್ಲ, ಅಕ್ಷರಮಾಲೆ. ನಿಘಂಟಿನಲ್ಲಿ 'ಕಮಲ' ಎಂಬ ಮೂರಕ್ಷರದ ಪದ 'ಕರ' ಎಂಬ ಎರಡಕ್ಷರದ ಪದಕ್ಕಿಂತ ಮೊದಲು ಬರುತ್ತದೆ. ಮೊದಲು ಭೇದ ಕಂಡ ಅಕ್ಷರವೇ ಕ್ರಮವನ್ನು ನಿರ್ಣಯಿಸುತ್ತದೆ. ಅಂತೆಯೇ 14.0ರ ಮೊದಲ ಅಂಕಿ 1, 9.0ರ ಮೊದಲ ಅಂಕಿ 9. ಮುಂದಿನದನ್ನು ಯಂತ್ರ ನೋಡುವುದೇ ಇಲ್ಲ. ದಶಮಾಂಶವೆಂದು ಓದಿದರೂ ದೋಷ ತಪ್ಪದು: ಆಗ 1.10 ಎಂಬುದು 1.1 ಆಗಿ 1.9ಕ್ಕಿಂತ ಹಿಂದೆ ಸರಿಯುತ್ತದೆ. ಇಲ್ಲಿಯ ಬಿಂದುವನ್ನು ಕಾವ್ಯದ ಆಶ್ವಾಸ-ಪದ್ಯ ಸಂಖ್ಯೆಗಳ ನಡುವಣ ಬಿಂದುವಿನಂತೆ ಗ್ರಹಿಸಬೇಕು. 1ನೆಯ ಆಶ್ವಾಸದ 10ನೆಯ ಪದ್ಯ 9ನೆಯದರ ಮುಂದಿನದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ.

ಆದುದರಿಂದ ತಂತ್ರಾಂಶಗಳನ್ನು ಕಟ್ಟುವ ಸಾಧನಗಳು ಸಂಖ್ಯೆಯನ್ನು ಖಂಡಗಳಾಗಿ ಬಿಡಿಸಿ, ಅಂಕಿಗಳ ಖಂಡವನ್ನು ಬೆಲೆಯಿಂದಲೂ ಅಕ್ಷರಗಳ ಖಂಡವನ್ನು ಬೇರೆ ನಿಯಮದಿಂದಲೂ ಹೋಲಿಸುತ್ತವೆ. ಭಿನ್ನಾಭಿಪ್ರಾಯವಿರುವುದು ಈ ಎರಡನೆಯದರಲ್ಲಿ. ಕರಡು ಆವೃತ್ತಿ ಪೂರ್ಣ ಆವೃತ್ತಿಗಿಂತ ಮೊದಲು ಬರಬೇಕು. ಆದರೆ ಕರಡಿನ ಹೆಸರು ಉದ್ದವಾಗಿರುವುದರಿಂದ ಬರಿಯ ಅಕ್ಷರಕ್ರಮದಲ್ಲಿ ಅದು ಹಿಂದೆ ಬೀಳುತ್ತದೆ. ಡೆಬಿಯನ್ ಪದ್ಧತಿಯಲ್ಲಿ ಇದಕ್ಕೆಂದೇ ಅಲೆಗೆರೆ (~) ಇದೆ. ಅದು ಪದಾಂತ್ಯಕ್ಕಿಂತಲೂ ಮೊದಲಿನದು. ಮೇವನ್ ಎಂಬ ಸಾಧನವಾದರೋ ಆಲ್ಫಾ, ಬೀಟಾ ಮೊದಲಾದ ಹೆಸರುಗಳನ್ನೇ ಅರಿತಿರುತ್ತದೆ. 1.0 ಮತ್ತು 1.0.0 ಎಂಬಿವು ಮೇವನ್‌ಗೂ ಪೈಥಾನ್ ಪದ್ಧತಿಗೂ ಒಂದೇ. ಡೆಬಿಯನ್‌ಗೆ ಮೊದಲನೆಯದು ಹಳೆಯದು. ಎರಡು ಸಾಧನಗಳನ್ನು ಒಟ್ಟಿಗೆ ಬಳಸುವವರು ಇದನ್ನು ಮರೆಯಲಾಗದು.

ಶಾಸನಾಭ್ಯಾಸಿಗಳಿಗೆ ಡೆಬಿಯನ್ನಿನ ಇನ್ನೊಂದು ಏರ್ಪಾಡು ಆಪ್ತವೆನಿಸೀತು. ಕರ್ತೃಗಳು ಎಣಿಕೆಯ ಪದ್ಧತಿಯನ್ನೇ ಬದಲಿಸಿದಾಗ ಸಂಖ್ಯೆಯ ಮುಂದೆ ಅಂಕಿಯೊಂದನ್ನೂ ಎರಡು ಚುಕ್ಕಿಯನ್ನೂ ಇರಿಸಲಾಗುತ್ತದೆ. ಹೋಲಿಕೆ ಅಲ್ಲಿಂದಲೇ ಮೊದಲಾಗುತ್ತದೆ. ಚಾಳುಕ್ಯ ವಿಕ್ರಮವರ್ಷ 10 ಎಂಬುದು ಶಕವರ್ಷ 990ಕ್ಕಿಂತ ಈಚಿನದೆಂದು ನಾವು ತಿಳಿಯುವುದು ಸಂಖ್ಯೆಯಿಂದಲ್ಲ. 1076ರಲ್ಲಿ ಆರನೆಯ ವಿಕ್ರಮಾದಿತ್ಯನು ಹೊಸ ಶಕೆಯನ್ನು ಆರಂಭಿಸಿದನೆಂಬ ತಿಳಿವಳಿಕೆಯಿಂದ. ಯಂತ್ರಕ್ಕೆ ಆ ತಿಳಿವಳಿಕೆಯನ್ನು ಈ ಅಂಕಿ ಒದಗಿಸುತ್ತದೆ.

ಕನ್ನಡ ಅಂಕಿಗಳ ವಿಷಯ ಬೇರೆಯೇ ಇದೆ. ಪೈಥಾನ್ ಭಾಷೆ ೧೦ ಎಂಬುದನ್ನು ಹತ್ತೆಂದು ಓದಬಲ್ಲುದು. ಡೆಬಿಯನ್ ಆವೃತ್ತಿಸಂಖ್ಯೆಯಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಕಡತಗಳ ಹೆಸರಿನಲ್ಲಿ ಕನ್ನಡ ಅಂಕಿಗಳನ್ನು ಬಳಸಿದವರು, ನಮ್ಮಂತೆಯೇ, ೧೦ನೆಯ ಶಾಸನವನ್ನು ೯ನೆಯದರ ಮುಂಚೆ ಕಂಡಿರಬಹುದು. ೦೯ ಎಂದು ಸೊನ್ನೆ ಸೇರಿಸಿ ಬರೆಯುವುದು ಸದ್ಯದ ಉಪಾಯ. ನೂರನೆಯ ಶಾಸನ ಬಂದಾಗ ಅದೂ ಸಾಲದು.

ನಮ್ಮ ನಿಯಮದಲ್ಲಿ ಈಗ ಎರಡು ಖಂಡಗಳನ್ನೂ ಪೂರ್ಣಾಂಕಗಳಾಗಿ ಪರಿವರ್ತಿಸಿ ಹೋಲಿಸಲಾಗುತ್ತಿದೆ. ಮೂಲ ಕಡತಗಳನ್ನು ತಿದ್ದದೆ ಇರಿಸಿದ್ದರಿಂದ ಸಿದ್ಧಂ ಚಿಹ್ನೆಗಳೆಲ್ಲ ತಮ್ಮ ಸ್ಥಾನಕ್ಕೆ ಮರಳಿವೆ.