ಬೆಳೆಯ ರೋಗಕ್ಕೆ ದುಂಡಾಣುಭಕ್ಷಕಗಳ ಉಪಯೋಗ

ದಾಳಿಂಬೆಯ ತೋಟವುಳ್ಳ ಜಮೀನುದಾರರಿಗೆ ದುಂಡಾಣು ಅಂಗಮಾರಿ ರೋಗವನ್ನು ವಿವರಿಸಿ ಹೇಳಬೇಕಾದುದಿಲ್ಲ. ಎಲೆಯ ಮೇಲಿನ ಸಣ್ಣ ಚುಕ್ಕೆಗಳು ಕಪ್ಪಾಗಿ, ಕಾಯಿಗಳು ಸೀಳಿ, ಮಳೆಗಾಲದ ಕೆಲವೇ ವಾರಗಳಲ್ಲಿ ಫಸಲು ಕೈಬಿಟ್ಟು ಹೋಗುವುದನ್ನು ಅವರು ಕಂಡೇ ಇದ್ದಾರೆ. ಇದಕ್ಕೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಸೇರಿದ ಪುಡಿಯನ್ನು ಸಿಂಪಡಿಸುವ ರೂಢಿ ಬಹುಕಾಲ ನಡೆದುಬಂದಿತು. ಮನುಷ್ಯರ ಚಿಕಿತ್ಸೆಗೆ ಬೇಕಾದ ಈ ಔಷಧಗಳನ್ನು ಹೊಲಗಳಲ್ಲಿ ಚೆಲ್ಲುತ್ತ ಹೋದರೆ ರೋಗಾಣುಗಳು ಅವುಗಳಿಗೆ ಮಣಿಯದಂತಾಗುವುವು. ಆದುದರಿಂದಲೇ ಬೇಸಾಯದಲ್ಲಿ ಇವುಗಳನ್ನು ನಿಲ್ಲಿಸುವ ಉದ್ದೇಶದ ಪ್ರಕಟಣೆಯನ್ನು ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಬದಲಿಗೆ ಏನೆಂಬ ಪ್ರಶ್ನೆಗೆ ಕೇಳಿಬರುವ ಉತ್ತರಗಳಲ್ಲಿ ಬ್ಯಾಕ್ಟೀರಿಯೊಫೇಜ್, ಅಂದರೆ ದುಂಡಾಣುಭಕ್ಷಕವೂ ಒಂದು.

ಇದನ್ನು 1915ರಲ್ಲಿ ಲಂಡನ್ನಿನ ಟ್ವಾರ್ಟ್ ಎಂಬುವರೂ, 1917ರಲ್ಲಿ ಪ್ಯಾರಿಸ್ಸಿನ ದೆರೆಲ್ ಎಂಬುವರೂ ಬೇರೆಬೇರೆಯಾಗಿ ಕಂಡುಹಿಡಿದರು. ಇದು ವಿಷವಲ್ಲ, ದುಂಡಾಣುವಿಗೇ ತಗಲುವ ವೈರಾಣು. ದುಂಡಾಣುವಿನ ಮೈಗೆ ಅಂಟಿಕೊಂಡು, ತನ್ನ ಬೀಜದ್ರವ್ಯವನ್ನು ಒಳಕ್ಕೆ ನುಗ್ಗಿಸಿ, ಕೆಲವು ಜಾತಿಗಳಲ್ಲಿ ಅರ್ಧ ಗಂಟೆಯೊಳಗೇ ನೂರಾರಾಗಿ ಹೆಚ್ಚಿ, ಅದನ್ನು ಒಡೆದು ಹೊರಬರುವುದು. ಗಿಡಕ್ಕಾಗಲಿ ದನಕ್ಕಾಗಲಿ ಇದು ತಗಲುವುದಿಲ್ಲ.

ಇದರ ಬಲವೆಷ್ಟೆಂಬುದನ್ನು ಹಾಲಿನ ಕೈಗಾರಿಕೆಯವರು ನಷ್ಟಪಟ್ಟು ತಿಳಿದರು. ನ್ಯೂಜಿಲೆಂಡಿನ ಚೀಸ್ ತಯಾರಿಕೆಯಲ್ಲಿ ಹೆಪ್ಪು ಹಾಕಿದ ಹಾಲು ಹುಳಿಯಾಗದೆ ನಿಂತುಹೋಗುತ್ತಿದ್ದುದಕ್ಕೆ ಭಕ್ಷಕಗಳೇ ಕಾರಣವೆಂದು 1935ರಲ್ಲಿ ವೈಟ್‌ಹೆಡ್ ಮತ್ತು ಕಾಕ್ಸ್ ತೋರಿಸಿದರು. (ನಮ್ಮ ಮನೆಗಳಲ್ಲಿ ಮೊಸರು ಕೂಡದಿದ್ದರೆ ಮೊದಲು ಚಳಿಯನ್ನೂ, ಕೆಚ್ಚಲುಬಾವಿಗೆ ಹಸುವಿಗೆ ಕೊಟ್ಟ ಔಷಧವನ್ನೂ ಸಂಶಯಪಡುವುದು ಯುಕ್ತ.)

ಅದೇ 1935ರಲ್ಲಿ ಅಮೆರಿಕದಲ್ಲಿ ಥಾಮಸ್ ಎಂಬುವರು ಸೊರಗುರೋಗ ತಗಲಿದ ಮೆಕ್ಕೆಜೋಳದ ಬೀಜಕ್ಕೆ ಭಕ್ಷಕವನ್ನು ಉಪಚರಿಸಿ ಬಿತ್ತಿದಾಗ, ರೋಗವು ನೂರಕ್ಕೆ 18ರಿಂದ 1.4ಕ್ಕೆ ಇಳಿಯಿತು. ಟೊಮೇಟೊ ಮತ್ತು ಮೆಣಸಿನ ಗಿಡಗಳ ದುಂಡಾಣುಚುಕ್ಕೆಗೆ ಇಂಥ ಒಂದು ಸಾಮಗ್ರಿಯು ಆ ದೇಶದಲ್ಲಿ 2005ರಲ್ಲಿ ನೋಂದಣಿಯಾಯಿತು.

ಇಷ್ಟು ಕೇಳಿದೊಡನೆ ಸೀಸೆಯನ್ನು ಕೊಳ್ಳಲು ಹೊರಡತಕ್ಕದ್ದಲ್ಲ. ಒಂದು ಭಕ್ಷಕವು ತನಗೆ ಒಗ್ಗಿದ ದುಂಡಾಣುವನ್ನು ಮಾತ್ರ, ಎಷ್ಟೋ ವೇಳೆ ಅದರ ಕೆಲವು ಒಳಬಗೆಗಳನ್ನು ಮಾತ್ರ ಕೊಲ್ಲುವುದು. ಟೊಮೇಟೊವಿನದು ದಾಳಿಂಬೆಗೆ ಆಗದು. ಅಡಕೆಯ ಕೊಳೆರೋಗವು ದುಂಡಾಣುವಿನದೇ ಅಲ್ಲವಾದುದರಿಂದ ಅಲ್ಲಿ ಯಾವ ಭಕ್ಷಕವೂ ವ್ಯರ್ಥ. ದುಂಡಾಣುವೂ ಸುಮ್ಮನಿರುವುದಿಲ್ಲ, ಮಾರ್ಪಟ್ಟು ತಪ್ಪಿಸಿಕೊಳ್ಳುವುದು. ಅದಕ್ಕಾಗಿ ಹಲವು ಭಕ್ಷಕಗಳನ್ನು ಕೂಡಿಸಿ ಕೊಡುವರು. ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿಲು. ಎಲೆಯ ಮೇಲೆ ಹಗಲಿನಲ್ಲಿ ಇವು ಬೇಗನೆ ನಾಶವಾಗುವುದರಿಂದ, ಸಂಜೆಯ ಹೊತ್ತು ಸಿಂಪಡಿಸಿದರೆ ಹೆಚ್ಚು ಫಲವೆಂದೂ, ಕೆನೆ ತೆಗೆದ ಹಾಲಿನ ಪುಡಿಯನ್ನು ಬೆರೆಸಿದರೆ ಹೆಚ್ಚು ಕಾಲ ಉಳಿಯುವುವೆಂದೂ ಟೊಮೇಟೊವಿನ ಪ್ರಯೋಗಗಳಿಂದ ತಿಳಿದುಬಂದಿದೆ. ತಾಮ್ರವು ಭಕ್ಷಕಗಳನ್ನು ಕೆಡಿಸುವುದು. ಆದುದರಿಂದ ಬೋರ್ಡೋ ಮಿಶ್ರಣದ ಜೊತೆಗೆ ಇವನ್ನು ಒಂದೇ ಪಾತ್ರೆಯಲ್ಲಿ ಕಲಸಬಾರದು.

ಮಾರಲು ಬಂದವನನ್ನು ಗ್ರಾಮದ ಹಿರಿಯರು ಮೂರು ಮಾತು ಕೇಳಲಿ: ಇದು ಯಾವ ದುಂಡಾಣುವಿಗೆ? ನಮ್ಮ ಸೀಮೆಯ ರೋಗಾಣುವಿನ ಮೇಲೆ ಪರೀಕ್ಷೆಯಾಗಿದೆಯೆ? ಸರ್ಕಾರದ ನೋಂದಣಿ ಸಂಖ್ಯೆ ಯಾವುದು? ಉತ್ತರ ಸರಿಯಾಗಿದ್ದರೂ ಮೊದಲು ನಾಲ್ಕಾರು ಸಾಲಿಗೆ ಮಾತ್ರ ಹೊಡೆದು, ಪಕ್ಕದ ಸಾಲುಗಳನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡತಕ್ಕದ್ದು. ಈ ನಡುವೆ ರೋಗದ ಕೊಂಬೆಗಳನ್ನು ಕತ್ತರಿಸಿ ಸುಡುವುದನ್ನೂ, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಶುದ್ಧಿಮಾಡುವುದನ್ನೂ, ರೋಗವಿಲ್ಲದ ತೋಟದಿಂದಲೇ ಸಸಿ ತರುವುದನ್ನೂ ಬಿಡಲಾಗದು.