ನೈರೋಬಿಯ ಗಾಳಿಗೆ ಲೆಕ್ಕ ಬರೆದ ಆರು ಪೆಟ್ಟಿಗೆಗಳು

2016ರ ಮೇ 1ರಂದು ನೈರೋಬಿಯ ಆರು ಕಡೆ ಆರು ಪುಟ್ಟ ಪೆಟ್ಟಿಗೆಗಳು ಊರಿನ ಗಾಳಿಯನ್ನು ಒಳಗೆಳೆದುಕೊಳ್ಳತೊಡಗಿದವು. ನಾಲ್ಕು ಶಾಲೆಗಳಲ್ಲಿ, ಒಂದು ಸಮುದಾಯ ಭವನದಲ್ಲಿ. ಆರನೆಯದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರ ಕಚೇರಿಯಲ್ಲಿ. ಆ ಸಂಸ್ಥೆಯ ತವರೇ ನೈರೋಬಿಯ ಗಿಗಿರಿ ಬಡಾವಣೆ. ಆದರೂ ಅದೇ ಊರಿನ ಮಕ್ಕಳು ಇವತ್ತು ಎಂಥ ಗಾಳಿ ಉಸಿರಾಡಿದರು ಎಂದು ಹೇಳಬಲ್ಲ ಕಾಯಂ ಅಳತೆಯ ಜಾಲ ಆಗ ನಗರದಲ್ಲಿ ಇರಲಿಲ್ಲ.

ಹಾಗೆಂದು ಯಾರೂ ಅಳೆದೇ ಇರಲಿಲ್ಲ ಎನ್ನಲಾಗದು. ನೈರೋಬಿ ವಿಶ್ವವಿದ್ಯಾಲಯದ ಪರಮಾಣು ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೈಕೆಲ್ ಗತಾರಿ ಮತ್ತು ಅವರ ಸಂಗಡಿಗರು ಅದಕ್ಕೂ ಎಷ್ಟೋ ಮೊದಲಿನಿಂದ ಈ ಕೆಲಸದಲ್ಲಿ ತೊಡಗಿದ್ದರು. ಅವರದು ತಾಳ್ಮೆಯ ದಾರಿ. ಶೋಧಕ ಹಾಳೆಯನ್ನು ತೂಗಬೇಕು, ಗಂಟೆಗಟ್ಟಲೆ ಅದರ ಮೂಲಕ ಗಾಳಿ ಹಾಯಿಸಬೇಕು, ಮತ್ತೆ ತೂಗಬೇಕು. ಹೆಚ್ಚಿದ ತೂಕವೇ ಧೂಳು. 2008ರ ಮೇ ತಿಂಗಳಿಂದ 2010ರ ಏಪ್ರಿಲ್‌ವರೆಗೆ ಹೀಗೆ ಸಂಗ್ರಹಿಸಿದ ಹಾಳೆಗಳು, 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ನಗರದೊಳಗೆ ಘನಮೀಟರಿಗೆ ಸರಾಸರಿ 21 ಮೈಕ್ರೊಗ್ರಾಂ, ಹೊರವಲಯದಲ್ಲಿ 13 ಇವೆ ಎಂದು ತೋರಿಸಿದವು. ಈ ನಡುವೆ, 2009ರ ಜುಲೈನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆಗೂಡಿ ಎರಡು ವಾರ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಬ್ಯಾಟರಿಯ ಚಿಕ್ಕ ಯಂತ್ರಗಳನ್ನು ಹೊತ್ತವರು ಬೀದಿಗೇ ಇಳಿದಿದ್ದರು. ಪೇಟೆಯ ಕಾಲುದಾರಿಯೊಂದರಲ್ಲಿ ಹಗಲು ಹೊತ್ತಿನ ಅಳತೆ 98.1ಕ್ಕೆ ಮುಟ್ಟಿತು. ಹಳ್ಳಿಗಾಡಿನಲ್ಲಿ ಅದು 10.7 ಮಾತ್ರ.

ಕಾಲುದಾರಿಯ ಮೇಲೆ ಬದುಕು ಕಟ್ಟಿಕೊಂಡವರ ಪಾಲಿನ ಗಾಳಿ ಎಂಥದ್ದು ಎಂಬುದಕ್ಕೆ ಈ ಅಂಕಿಗಿಂತ ಗಟ್ಟಿ ದಾಖಲೆ ಬೇಕಿರಲಿಲ್ಲ. ಆದರೆ ಎರಡು ವಾರದ ಅಧ್ಯಯನ ಎರಡು ವಾರಕ್ಕೇ ಮುಗಿಯಿತು.

ಚಿಕ್ಕ ಸೆನ್ಸರ್‌ಗಳ ಮೇಲೆ ಆಸೆ ಹುಟ್ಟಿದ್ದು ಇಲ್ಲಿಯೇ. ಹಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಮಿನುಗುವುದನ್ನು ನೋಡಿದವರಿಗೆ ಈ ಸೆನ್ಸರ್‌ಗಳ ಮರ್ಮ ಹೇಳಿಕೊಡಬೇಕಿಲ್ಲ. ಪೆಟ್ಟಿಗೆಯೊಳಗಿದ್ದ ಆಲ್ಫಾಸೆನ್ಸ್ ಕಂಪನಿಯ ಒಪಿಸಿ-ಎನ್2 ಎಂಬ ಉಪಕರಣದಲ್ಲಿ ಬಿಸಿಲಿನ ಜಾಗದಲ್ಲಿ ಲೇಸರ್ ಇದೆ. ಪುಟ್ಟ ಫ್ಯಾನ್ ಗಾಳಿಯನ್ನು ಎಳೆಯುತ್ತದೆ. ಒಂದೊಂದು ಕಣ ದಾಟಿದಾಗಲೂ ಚೆದುರಿದ ಬೆಳಕನ್ನು ಕನ್ನಡಿಯೊಂದು ಒಟ್ಟುಗೂಡಿಸಿ ಪತ್ತೆಕಾರಕ ಚಿಪ್‌ಗೆ ಒಪ್ಪಿಸುತ್ತದೆ. 0.38ರಿಂದ 17 ಮೈಕ್ರಾನ್‌ವರೆಗಿನ ಕಣಗಳು ಗಾತ್ರದ ಪ್ರಕಾರ 16 ಗುಂಪುಗಳಾಗಿ ಎಣಿಕೆಗೆ ಸಿಗುತ್ತವೆ. ಪಕ್ಕದಲ್ಲೇ ನೈಟ್ರೋಜನ್ ಮತ್ತು ಗಂಧಕದ ಆಕ್ಸೈಡ್ ಅನಿಲಗಳಿಗೆಂದು ವಿದ್ಯುತ್-ರಾಸಾಯನಿಕ ಕೋಶಗಳಿದ್ದವು. ಅನಿಲ ಒಳಹೊಕ್ಕು ವಿದ್ಯುದ್ವಾರದ ಮೇಲೆ ವರ್ತಿಸಿದಾಗ ಹುಟ್ಟುವ ಅತಿ ಸಣ್ಣ ಕರೆಂಟೇ ಅಲ್ಲಿ ಅಳತೆ. ಲೇಸರ್ ಡಯೋಡು, ಬೆಳಕಿನ ಪತ್ತೆಕಾರಕ, ಚಿಪ್‌ಗಳೆಲ್ಲ ಸಾಮಾನ್ಯರ ಎಲೆಕ್ಟ್ರಾನಿಕ್ ಸಾಮಾನುಗಳಿಗಾಗಿ ಭಾರೀ ಸಂಖ್ಯೆಯಲ್ಲಿ ತಯಾರಾಗತೊಡಗಿದ್ದರಿಂದ ಇಂಥ ಯಂತ್ರ ಅಂಗೈಗೆ ಇಳಿಯಿತು, ಬೆಲೆಯೂ ಇಳಿಯಿತು. 2015ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ತನ್ನ ಅಗ್ಗದ ಘಟಕವನ್ನು ನೈರೋಬಿಯಲ್ಲಿ ಪ್ರಕಟಿಸಿದಾಗ ಹೇಳಿದ ಬೆಲೆ ಸುಮಾರು 1,500 ಡಾಲರ್, ಆಗಿನ ಲೆಕ್ಕದಲ್ಲಿ ಹತ್ತಿರಹತ್ತಿರ ಒಂದು ಲಕ್ಷ ರೂಪಾಯಿ.

ಆರು ಪೆಟ್ಟಿಗೆಗಳು 2017ರ ಜನವರಿ 11ರವರೆಗೆ ಬರೆದ ಲೆಕ್ಕವನ್ನು ಪ್ರಿಯಾಂಕಾ ಡಿಸೋಜ ಮತ್ತು ಸಂಗಡಿಗರು ಅದೇ ವರ್ಷ ‘ಕ್ಲೀನ್ ಏರ್ ಜರ್ನಲ್’ನಲ್ಲಿ ಪ್ರಕಟಿಸಿದರು. ಅವರ ತೀರ್ಮಾನದಲ್ಲಿ ಮೆಚ್ಚಬೇಕಾದ ಪ್ರಾಮಾಣಿಕತೆ ಇದೆ. ಗಾಳಿಯ ಸ್ಥಿತಿಯ ಸುಳಿವು ಈ ಸೆನ್ಸರ್‌ಗಳಿಂದ ಸಿಗುತ್ತದೆ, ಊರಿನ ಜನ ಎಚ್ಚೆತ್ತುಕೊಳ್ಳಲು ನೆರವಾಗುತ್ತದೆ. ಆದರೆ ನಂಬಿಕಸ್ಥ ಮಾಪನ ಕೇಂದ್ರಕ್ಕೆ ಇದು ಬದಲಿಯಾಗದು ಎಂದು ಅವರು ಸ್ಪಷ್ಟವಾಗಿ ಬರೆದರು. ಅಳತೆಯನ್ನು ಒರೆಗೆ ಹಚ್ಚುವುದು ಹೇಗೆ, ಅದಕ್ಕೆ ಪ್ರಮಾಣಪತ್ರ ಕೊಡುವವರು ಯಾರು ಎಂಬ ಪ್ರಶ್ನೆಗಳು ಬಗೆಹರಿದಿರಲಿಲ್ಲ.

ಒರೆಗೆ ಹಚ್ಚುವ ಅಗತ್ಯ ಎಷ್ಟೆಂಬುದು ತೇವ ಹೆಚ್ಚಿದ ದಿನಗಳಲ್ಲಿ ಗೊತ್ತಾಗುತ್ತದೆ. ತೇವ ಹೀರಿದ ಕಣ ಊದಿಕೊಳ್ಳುತ್ತದೆ. ಲೇಸರ್‌ಗೆ ಅದು ದೊಡ್ಡ ಕಣವಾಗಿಯೇ ಕಾಣುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 85 ದಾಟಿದರೆ ಒಪಿಸಿ-ಎನ್2 ಇಲ್ಲದ ಧೂಳನ್ನೂ ಲೆಕ್ಕಕ್ಕೆ ಸೇರಿಸಿಬಿಡುತ್ತದೆ ಎಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ತೋರಿಸಿತು. ಮಾರ್ಚ್‌ನಿಂದ ಮೇವರೆಗೆ ಉದ್ದನೆಯ ಮಳೆ, ವರ್ಷದ ಕೊನೆಗೆ ಮತ್ತೊಂದು ಮಳೆ ಕಾಣುವ ನೈರೋಬಿಗೆ ಇದು ಸಣ್ಣ ಮಾತಲ್ಲ.

ಪರಿಹಾರ ಸಿಕ್ಕಿದ್ದು ಗತಾರಿಯವರ ಹಳೆಯ ಶೋಧಕ ಹಾಳೆಯಲ್ಲಿ. ಬರ್ಮಿಂಗ್‌ಹ್ಯಾಮ್‌ನ ಫ್ರಾನ್ಸಿಸ್ ಪೋಪ್ ಜೊತೆ ಸೇರಿ 2017ರ ಫೆಬ್ರುವರಿ-ಮಾರ್ಚ್‌ನಲ್ಲಿ ಅವರು ಇದೇ ಉಪಕರಣವನ್ನು ನೈರೋಬಿಯ ಎರಡು ಕಡೆ, ಮೌಂಟ್ ಕೀನ್ಯಾ ಬಳಿಯ ನಾನ್ಯುಕಿಯಲ್ಲಿ ಒಂದು ಕಡೆ ಇಟ್ಟರು. ತೂಗಿದ ಧೂಳಿನ ಲೆಕ್ಕಕ್ಕೆ ಹೋಲಿಸಿ ಎಣಿಕೆಯನ್ನು ತಿದ್ದಿದರು. ಹಾಗೆ ತಿದ್ದಿದ ಮೇಲೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ಬಂದ ಸರಾಸರಿಗಳು, ಘನಮೀಟರಿಗೆ ಮೈಕ್ರೊಗ್ರಾಂ ಲೆಕ್ಕದಲ್ಲಿ: ರಸ್ತೆ ಬದಿಯಲ್ಲಿ 36.6, ನಗರದೊಳಗೆ ರಸ್ತೆಯಿಂದ ದೂರದಲ್ಲಿ 24.8, ನಾನ್ಯುಕಿಯಲ್ಲಿ 13. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಬಿಗಿಗೊಳಿಸಿದ ದಿನದ ಮಿತಿ 15. ಹೊಸ ಲೇಸರ್ ಪಕ್ಕದಲ್ಲಿ ಹಳೆಯ ತಕ್ಕಡಿಯನ್ನೂ ಉಳಿಸಿಕೊಂಡ ಈ ಪ್ರಯೋಗವೇ ಇಡೀ ಕಥೆಯ ಅತ್ಯಂತ ಬೆಲೆಬಾಳುವ ಭಾಗ. ಅಗ್ಗದ ಪೆಟ್ಟಿಗೆಗಳ ಉತ್ಸಾಹದಲ್ಲಿ ಇಂಥ ಕೆಲಸಕ್ಕೆ ಸಲ್ಲಬೇಕಾದ ಹಣವೂ ಗಮನವೂ ಸಲ್ಲದೇ ಹೋಗುವುದು ಬೇಸರದ ಸಂಗತಿ.

ಆಮೇಲೆ ಸೆನ್ಸರ್‌ಗಳು ಹೆಚ್ಚಿದವು. ‘ಕೋಡ್ ಫಾರ್ ಆಫ್ರಿಕಾ’ ಬಳಗದ ‘ಸೆನ್ಸರ್ಸ್ ಆಫ್ರಿಕಾ’ ಯೋಜನೆ ನಾಗರಿಕರೇ ಅಳೆಯುವ ಜಾಲ ಕಟ್ಟಲು ಹೊರಟಿತು. ನೈರೋಬಿ ಕೌಂಟಿ ಆಡಳಿತ 2019ರಿಂದ 2023ರವರೆಗಿನ ವಾಯು ಗುಣಮಟ್ಟ ಕ್ರಿಯಾಯೋಜನೆ ರೂಪಿಸಿತು. ಆದರೂ ಆ ಆರು ಪೆಟ್ಟಿಗೆಗಳಲ್ಲಿ ಧೂಳು ಎಣಿಸಿದ್ದೂ ಅನಿಲ ಅಳೆದದ್ದೂ ಇಂಗ್ಲೆಂಡಿನ ಎಸೆಕ್ಸ್‌ನ ಆಲ್ಫಾಸೆನ್ಸ್ ಕಂಪನಿಯ ಉಪಕರಣಗಳೇ.

ಇಂಥ ಉಪಕರಣಗಳಿಗೆ ಹೊರನಾಡನ್ನು ನೆಚ್ಚಬೇಕಾದ ಆ ಕೊರತೆಯನ್ನು ನೀಗಿಸುವ ಕಡೆಗೆ ಒಂದು ಹೆಜ್ಜೆ ಬಿದ್ದಿರುವುದು ನೈರೋಬಿಯ ಉತ್ತರಕ್ಕೆ, ನ್ಯೇರಿಯಲ್ಲಿ. ಅಲ್ಲಿನ ಡೆಡಾನ್ ಕಿಮಾಥಿ ತಂತ್ರಜ್ಞಾನ ವಿಶ್ವವಿದ್ಯಾಲಯದ ಆವರಣದಲ್ಲಿ ಆಂಥನಿ ಗಿಥಿಂಜಿ ಸ್ಥಾಪಿಸಿದ ‘ಸೆಮಿಕಂಡಕ್ಟರ್ ಟೆಕ್ನಾಲಜೀಸ್ ಲಿಮಿಟೆಡ್’ ಧೂಳಿಲ್ಲದ ಕೋಣೆಗಳಲ್ಲಿ ಸೂಕ್ಷ್ಮ ತಯಾರಿಕೆಯ ಕೆಲಸಕ್ಕೆ ಕೀನ್ಯಾದ ಯುವಕ ಯುವತಿಯರನ್ನು ಪಳಗಿಸುತ್ತಿದೆ. 2024ರ ಮೇನಲ್ಲಿ ಅಧ್ಯಕ್ಷ ವಿಲಿಯಂ ರುಟೊ ವಾಷಿಂಗ್ಟನ್‌ಗೆ ಹೋದಾಗ, ಸೆಮಿಕಂಡಕ್ಟರ್ ಕ್ಷೇತ್ರದಲ್ಲಿ ಕೀನ್ಯಾದೊಂದಿಗೆ ಕೈಜೋಡಿಸುವುದಾಗಿ ಅಮೆರಿಕ ಘೋಷಿಸಿತು.