ಮರೀನಾದ ಮರಳು ಯಾರದು?

ಊರಿನಿಂದ ನೆಂಟರು ಬಂದರೆ ಚೆನ್ನೈ ಕನ್ನಡಿಗರಾದ ನಾವು ಮೊದಲು ಕರೆದೊಯ್ಯುವುದು ಮರೀನಾಕ್ಕೆ. ಚಪ್ಪಲಿ ಕೈಯಲ್ಲಿ ಹಿಡಿದು ಮರಳು ತುಳಿಯುತ್ತಾ ನೀರಿನ ಬಳಿ ಸೇರುವಷ್ಟರಲ್ಲಿ ಕಾಲು ಸೋತುಹೋಗುತ್ತದೆ. ಅಷ್ಟೊಂದು ಮರಳು ಎಲ್ಲಿಂದ ಬಂತೆಂದು ಎಂದಾದರೂ ಯೋಚಿಸಿದ್ದೀರಾ?

ಬಿಸಿಲಿಗೆ, ಮಳೆಗೆ ಬಿರಿದು ಪುಡಿಯಾದ ಬೆಟ್ಟದ ಕಲ್ಲನ್ನು ನದಿಗಳು ಕಡಲಿಗೆ ಹೊತ್ತು ತರುತ್ತವೆ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಚೆನ್ನೈಗೆ ದಕ್ಷಿಣದಲ್ಲಿ ಸಮುದ್ರ ಸೇರುತ್ತದೆ. ಇಂಥ ನದಿಗಳು ತಂದ ಮರಳು ಬಿದ್ದಲ್ಲೇ ಬಿದ್ದಿರುವುದಿಲ್ಲ. ಅಲೆಗಳು ಓರೆಯಾಗಿ ಬಡಿಯುವುದರಿಂದ ದಡದ ಗುಂಟ ಸರಿಯುತ್ತಾ ಹೋಗುತ್ತದೆ. ಈಶಾನ್ಯ ಮಾರುತದ ಕೆಲವು ತಿಂಗಳು ಅದರ ಪಯಣ ದಕ್ಷಿಣಕ್ಕೆ. ಉಳಿದ ಬಹುಕಾಲ ಉತ್ತರಕ್ಕೆ. ವರ್ಷದ ಲೆಕ್ಕ ಹಾಕಿದರೆ ಉತ್ತರಕ್ಕೆ ಹೋಗುವುದೇ ಹೆಚ್ಚು.

1876ರಲ್ಲಿ ಮದರಾಸು ಬಂದರಿನ ಕಾಮಗಾರಿ ಶುರುವಾಯಿತು. ಕಡಲೊಳಗೆ ಚಾಚಿದ ಅದರ ತಡೆಗೋಡೆ ಈ ಮರಳಿನ ದಾರಿಗೆ ಅಡ್ಡವಾಯಿತು. ಅದಕ್ಕೂ ಮುಂಚೆ ಅಲೆಗಳು ಈಗಿನ ಕಾಮರಾಜರ್ ರಸ್ತೆಯ ಹತ್ತಿರಕ್ಕೇ ಬರುತ್ತಿದ್ದವಂತೆ. ಹನಿಗೂಡಿದರೆ ಹಳ್ಳ ಎಂಬಂತೆ, ಕಣ ಕಣ ಸೇರಿ ಇಂದು ದಂಡೆ ಸುಮಾರು 300 ಮೀಟರ್ ಅಗಲವಾಗಿದೆ. 1881ರಿಂದ 1886ರವರೆಗೆ ಗವರ್ನರ್ ಆಗಿದ್ದ ಗ್ರಾಂಟ್ ಡಫ್ ಅಲ್ಲಿ ವಾಯುವಿಹಾರದ ದಾರಿ ಮಾಡಿಸಿ 'ಮರೀನಾ' ಎಂದು ಹೆಸರಿಟ್ಟರು.

ನಮಗೆ ಲಾಭವಾಯಿತು, ಸರಿ. ನಷ್ಟ ಯಾರಿಗೆ? ಬಂದರಿನ ಉತ್ತರಕ್ಕಿರುವ ರಾಯಪುರಂ, ಕಾಶಿಮೇಡು, ತಿರುವೊಟ್ಟಿಯೂರಿನ ಮೀನುಗಾರರಿಗೆ. ಅಲ್ಲಿಯ ಮರಳನ್ನು ಅಲೆಗಳು ಎಂದಿನಂತೆ ಒಯ್ಯುತ್ತವೆ, ಆದರೆ ಅದರ ಜಾಗಕ್ಕೆ ದಕ್ಷಿಣದಿಂದ ಬರಬೇಕಾದ ಮರಳು ಬಾರದು. ದೋಣಿ ಎಳೆದಿಡುತ್ತಿದ್ದ ದಂಡೆ, ಮನೆ, ರಸ್ತೆ ಎಲ್ಲವೂ ಕಡಲ ಪಾಲಾದವು. ಬಂಡೆಗಳ ಗೋಡೆ ಹಾಕಿದರೆ ಅದರ ಹಿಂದಿನ ನೆಲವೇನೋ ಉಳಿಯುತ್ತದೆ; ಕೊರೆತ ಮಾತ್ರ ಇನ್ನೂ ಉತ್ತರದ ಊರಿಗೆ ದಾಟುತ್ತದೆ. ಕಡಲ್ಕೊರೆತ ಎಂದರೇನೆಂದು ಉಳ್ಳಾಲದ ಕಡೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಉಪಾಯವೇ ಇಲ್ಲವೆಂದಲ್ಲ. ವಿಶಾಖಪಟ್ಟಣದಲ್ಲಿ ಬಂದರಿನ ಬಳಿ ಸೇರುವ ಮರಳನ್ನು ಹೂಳೆತ್ತುವ ಹಡಗಿನಿಂದ ತೆಗೆದು, ಉತ್ತರದ ರಾಮಕೃಷ್ಣ ಬೀಚಿಗೆ ಸುರಿಯುತ್ತಾ ಬಂದಿದ್ದಾರೆ. ಖರ್ಚಿನ ಕೆಲಸ, ಮತ್ತೆ ಮತ್ತೆ ಮಾಡಬೇಕಾದ ಕೆಲಸ. ಆದರೆ ಒಬ್ಬರ ಅಂಗಳ ತುಂಬಿಸಲು ಇನ್ನೊಬ್ಬರ ಅಂಗಳ ಬರಿದಾಗುವುದು ನ್ಯಾಯವೇ? ಕಡಲಿಗೆ ಹೊಸ ಗೋಡೆ ಹಾಕುವ ಮಾತು ಬಂದಾಗಲೆಲ್ಲ, "ಮರಳು ಆಚೆಗೆ ದಾಟಲು ಏನು ಏರ್ಪಾಟು?" ಎಂದು ಕೇಳಬೇಕಾದವರು ಕಾಶಿಮೇಡಿನವರು ಮಾತ್ರವಲ್ಲ, ನಾವೂ ಹೌದು.